ಹೊರೆ ಹೊತ್ತಾಗ ಮಾತ್ರ ನಡುಗುವ ಗಾಡಿ

ಮೀನಿನ ಗಾಡಿ ಗ್ಯಾರೇಜಿಗೆ ಬಂದರೆ ತಲೆಯೆತ್ತಿ ನೋಡಬೇಕಾಗಿಲ್ಲ. ವಾಸನೆ ಮೊದಲು ಬರುತ್ತದೆ, ಗಾಡಿ ಆಮೇಲೆ. ಹೊನ್ನಾವರದಲ್ಲಿ ಹೆದ್ದಾರಿಯ ಪಕ್ಕ ನನ್ನ ಗ್ಯಾರೇಜು, ಬಂದರಿಗೆ ಅಲ್ಲಿಂದ ಹೆಚ್ಚು ದೂರವಿಲ್ಲ. ಬೆಳಗಿನ ಹರಾಜಿನಲ್ಲಿ ಮೀನು ಎತ್ತಿ, ಬೈಕಿನ ಹಿಂದೆ ಐಸ್ ಪೆಟ್ಟಿಗೆ ಕಟ್ಟಿಕೊಂಡು, ಹಾರ್ನ್ ಹೊಡೆಯುತ್ತ ಊರೂರು ತಿರುಗುವವರೇ ನನ್ನ ಅರ್ಧ ಗಿರಾಕಿಗಳು. ಅವರ ಗಾಡಿಗಳ ಚೈನು, ಬ್ರೇಕು, ಕ್ಲಚ್ಚು ನನಗೆ ಬಾಯಿಪಾಠ. ಹಾಗಾಗಿ ಆ ದಿನ ಐವತ್ತರ ಆಸುಪಾಸಿನ ಒಬ್ಬ ಮೀನು ಮಾರುವವರು ಗಾಡಿ ತಂದು ನಿಲ್ಲಿಸಿದಾಗ ಮಧ್ಯಾಹ್ನದೊಳಗೆ ಮುಗಿಯುವ ಕೆಲಸ ಎಂದುಕೊಂಡೆ.

"ತಮ್ಮಾ, ಗಾಡಿ ನಡುಗ್ತದೆ."

"ಎಲ್ಲಿ ನಡುಗ್ತದೆ ಅಣ್ಣಾ? ಹ್ಯಾಂಡಲ್ಲಾ, ಸೀಟಾ, ಕಾಲಡಿಗಾ?"

"ಎಲ್ಲ ಕಡೆ. ಮತ್ತೆ ಒಳಗೆ ಎಂತೋ ಚರಚರ ಹೇಳ್ತದೆ. ಡಬ್ಬಿಗೆ ಅಕ್ಕಿಕಾಳು ಹಾಕಿ ಅಲ್ಲಾಡ್ಸಿದ ಹಾಂಗೆ."

"ಯಾವಾಗಿಂದ?"

"ಮಳೆಗಾಲದ ಬಂದ್ ಮುಗ್ದು ಬೋಟು ಕಡಲಿಗೆ ಇಳಿದಾಗಿಂದ. ಖಾಲಿ ಇದ್ರೆ ಎಂತಾ ಇಲ್ಲ. ಮೀನು ಹೇರಿದ್ರೆ ಶುರು."

ರೋಗದ ಹೆಸರನ್ನು ರೋಗಿಯೇ ಹೇಳಿಬಿಟ್ಟಿದ್ದ. ಆ ಕಡೆಯ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಅವರ ಜೊತೆ ಅವರ ಹೆಂಡತಿಯ ತಮ್ಮ ಬಂದಿದ್ದ. ಅವನದ್ದೂ ಅದೇ ಕಸುಬು. ಭಾವ ಕುಮಟಾ ದಾಟಿ ಸಂತೆಗುಳಿ ಕಡೆಗೆ ಹೋದರೆ ಇವನು ಭಟ್ಕಳದ ಕಡೆಗೆ. ಬಾಯಿ ಸುಮ್ಮನಿರುವ ಜನ ಅಲ್ಲ. ಗೋಡೆಯ ಮೇಲಿನ ಚೌಕಟ್ಟು ನೋಡಿ ಕೇಳಿದ:

"ಆ ಪಟ ಯಾವ ದೇವ್ರದ್ದು? ಹೂ ಹಾಕಿದ್ದಿಲ್ಲ?"

"ನನ್ನ ಬಿ.ಇ. ಸರ್ಟಿಫಿಕೇಟು."

"ಅಯ್ಯೋ! ಅಷ್ಟು ಓದಿ ಕಡೆಗೆ ನಮ್ಮ ಮೀನಿನ ಗಾಡಿ ಅಡಿಗೇ ಬಂದು ಮಲಗಿದ್ಯಲ್ಲ ಮಾರಾಯಾ!"

ನಾನೂ ನಕ್ಕೆ. ಇದು ನನಗೆ ದಿನಾ ಕೇಳುವ ಮಾತು. ಅಪ್ಪ ಬೋಟಿನಲ್ಲಿ ಬಲೆ ಎಳೆಯುವ ಕಲಾಸಿ. ಅಮ್ಮ ಬುಟ್ಟಿ ಹೊತ್ತು ಮೀನು ಮಾರಿದವಳು. ಆ ಮನೆಯಲ್ಲಿ ಹತ್ತನೆಯ ತರಗತಿ ದಾಟಿದವನೂ ನಾನೇ, ಕಾಲೇಜು ಮುಗಿಸಿದವನೂ ನಾನೇ. ಗ್ಯಾರೇಜು ಇಟ್ಟದ್ದು ಬೇರೆ ಕೆಲಸ ಸಿಗಲಿಲ್ಲ ಎಂದಲ್ಲ. ಬೇಕೆಂದೇ ಇಟ್ಟದ್ದು. ನಗುವವರು ನಗಲಿ, ಆ ಚೌಕಟ್ಟು ಇಳಿಸುವುದಿಲ್ಲ.

ನಡುಕ ಬೇರೆ, ಸದ್ದು ಬೇರೆ. ಎರಡನ್ನೂ ಒಟ್ಟಿಗೆ ಹುಡುಕಬಾರದು ಎನ್ನುವುದು ನನ್ನ ಕ್ರಮ. ನಡುಕಕ್ಕೆ ಮೊದಲು ಕೇಳಬೇಕಾದ ಪ್ರಶ್ನೆ: ಅದು ಇಂಜಿನ್ನಿನ ಜೊತೆ ಏರುತ್ತದೋ, ಚಕ್ರದ ಜೊತೆ ಏರುತ್ತದೋ? ಗಾಡಿ ಓಡುತ್ತಿರುವಾಗಲೇ ಕ್ಲಚ್ ಹಿಡಿದು ಎಕ್ಸಲರೇಟರ್ ಬಿಡಬೇಕು. ಆಗ ನಡುಕ ನಿಂತರೆ ಇಂಜಿನ್ನಿನ ಕಡೆ ನೋಡು, ನಿಲ್ಲದಿದ್ದರೆ ಚಕ್ರ, ಬೇರಿಂಗ್, ಹಿಂದಿನ ಚಕ್ರವನ್ನು ಹಿಡಿದಿರುವ ಫೋರ್ಕು. ಸದ್ದಿಗೆ ಬೇರೆ ಉಪಾಯ. ಗಾಡಿ ಸ್ಟಾರ್ಟಿನಲ್ಲಿಟ್ಟು ಒಂದೊಂದೇ ಭಾಗವನ್ನು ಕೈಯಲ್ಲಿ ಒತ್ತಿ ಹಿಡಿಯುತ್ತ ಹೋಗಬೇಕು. ಎಲ್ಲಿ ಹಿಡಿದಾಗ ಸದ್ದು ನಿಲ್ಲುತ್ತದೋ ಅಲ್ಲಿದೆ ಕಳ್ಳ.

ಪೆಟ್ಟಿಗೆ ಬಿಚ್ಚಿಟ್ಟು ಕರ್ಕಿಯವರೆಗೆ ಓಡಿಸಿ ಬಂದೆ. ಏನೂ ಇಲ್ಲ. ಹಳೆಯ ಗಾಡಿಗೆ ಇರಬೇಕಾದಷ್ಟೇ ಗೊಣಗಾಟ. ಆದರೂ ಕೈಗೆ ಸಿಕ್ಕಿದ್ದನ್ನು ಬಿಡಲಿಲ್ಲ. ಸೈಲೆನ್ಸರಿನ ಗಾರ್ಡು ಸಡಿಲ, ಚೈನ್ ಕವರಿನ ಒಂದು ಬೋಲ್ಟು ಇಲ್ಲವೇ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಇಂಜಿನ್ನನ್ನು ಹಿಂಬದಿಯಲ್ಲಿ ಚಾಸಿಗೆ ಹಿಡಿದಿಡುವ ಉದ್ದನೆಯ ಬೋಲ್ಟು ಕೈಯಲ್ಲಿ ತಿರುಗುವಷ್ಟು ಸಡಿಲವಾಗಿತ್ತು. ನೋಡಿ ಖುಷಿಯಾಯಿತು. ಟಾರ್ಕ್ ರೆಂಚಿನಲ್ಲಿ ಲೆಕ್ಕಕ್ಕೆ ಸರಿಯಾಗಿ ಬಿಗಿದು, ಸದ್ದಿನ ಜಾಗಗಳಿಗೆ ರಬ್ಬರ್ ಕೊಟ್ಟು, ಗಾಡಿ ಕೊಟ್ಟೆ.

ಒಂದು ವಾರದೊಳಗೆ ಮತ್ತೆ ವಾಸನೆ ಬಂತು.

"ಮೊದಲೆರಡು ದಿವ್ಸ ಚೆಂದ ಇತ್ತು ತಮ್ಮಾ. ಮತ್ತೆ ಅದೇ ರಾಗ."

ನೋಡಿದರೆ ಅದೇ ಬೋಲ್ಟು ಮತ್ತೆ ಸಡಿಲ. ಲೆಕ್ಕಕ್ಕೆ ಬಿಗಿದ ಬೋಲ್ಟು ತಾನಾಗಿ ಸಡಿಲಾಗುವುದಿಲ್ಲ. ಯಾವುದೋ ಅದನ್ನು ಎಳೆದು ಬಿಟ್ಟು, ಎಳೆದು ಬಿಟ್ಟು ಮಾಡುತ್ತಿರಬೇಕು. ಅಷ್ಟು ಯೋಚಿಸಿದೆ. ಎಳೆಯುವುದು ಹಿಂದಿನ ಚಕ್ರ ಎಂದು ತೀರ್ಮಾನಿಸಿದೆ. ಚಕ್ರ ಬಿಚ್ಚಿ ತಿರುಗಿಸಿ ನೋಡಿದೆ, ರಿಮ್ಮು ಸೊಟ್ಟಗಾಗಿರಲಿಲ್ಲ. ಸ್ಪೋಕು ಒಂದೊಂದನ್ನೂ ಸ್ಪ್ಯಾನರಿನಿಂದ ತಟ್ಟಿದೆ, ಎಲ್ಲ ಒಂದೇ ಸ್ವರ. ಬೇರಿಂಗ್ ಸರಿಯಿತ್ತು. ಹಿಂದಿನ ಫೋರ್ಕು ಆಡುವ ಕೀಲಿನ ಬುಷ್ ಮಾತ್ರ ಸವೆದಿತ್ತು, ಅದೂ ಎಡಗಡೆಯದ್ದು ಮಾತ್ರ. ಬಲಗಡೆಯದ್ದು ಹೊಸದರಂತಿತ್ತು. ಒಂದೇ ಬದಿ ಯಾಕೆ ಸವೆಯಿತು ಎಂದು ಕೇಳಿಕೊಳ್ಳದೆ ಎರಡನ್ನೂ ಬದಲಿಸಿದೆ. ಸವೆದದ್ದು ಸಿಕ್ಕಿತು, ಬದಲಿಸಿದೆ, ಮುಗಿಯಿತು. ಗಡಿಬಿಡಿಯ ದಿನಗಳಲ್ಲಿ ಗ್ಯಾರೇಜಿನವನ ಬುದ್ಧಿ ಇಷ್ಟೇ ದೂರ ಓಡುತ್ತದೆ.

ಮೂರನೆಯ ಸಲ ಅವರು ಬಂದಾಗ ಸಿಟ್ಟಿನಲ್ಲಿರಲಿಲ್ಲ. ಸಿಟ್ಟಾಗಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಗಾಡಿ ನಿಲ್ಲಿಸಿ ಸ್ಟೂಲಿನ ಮೇಲೆ ಕೂತರು.

"ಸಂತೆಗುಳಿ ಹತ್ರ ಇಳಿಜಾರಲ್ಲಿ ತಿರುವು ಉಂಟಲ್ಲ," ಎಂದರು. "ನಿನ್ನೆ ಅಲ್ಲಿ ನಾನು ಬಲಕ್ಕೆ ತಿರುಗಿಸ್ದೆ. ಮುಂದಿನ ಗಾಲಿ ಬಲಕ್ಕೆ ಹೋತು. ಹಿಂದಿಂದು ಬರ್ಲೇ ಇಲ್ಲ."

"ಬರ್ಲೇ ಇಲ್ಲ ಅಂದ್ರೆ?"

"ಮುಂದೆ ಒಂದು ಗಾಡಿ, ಹಿಂದೆ ಒಂದು ಗಾಡಿ ಆದ ಹಾಂಗೆ ಆತು. ಎದುರಿಂದ ಬಸ್ಸು. ಹ್ಯಾಂಗೆ ಉಳಿದೆ ಅಂತ ನಂಗೇ ಗೊತ್ತಿಲ್ಲ."

ಜೊತೆಗೆ ಬಂದಿದ್ದ ಭಾವಮೈದ ಬಾಗಿಲಲ್ಲೇ ನಿಂತು, "ಇನ್ನೆಂತ ಬದ್ಲಿಸ್ತೆ ಇಂಜಿನಿಯರೇ? ಭಾವನ್ನೇ ಬದ್ಲಿಸ್ತ್ಯಾ?" ಎಂದ. ಆ ಸಲ ನನಗೆ ನಗು ಬರಲಿಲ್ಲ.

ಬೆಳಗಿನ ಮೀನಿಗೆ ಬೇಕೆಂದು ಅವರು ಗಾಡಿ ಒಯ್ದ ಮೇಲೆ, ಆ ಸಂಜೆ ಬೇರೆ ಯಾವ ಗಾಡಿಯನ್ನೂ ಮುಟ್ಟದೆ ಕೂತೆ. ಬೋಲ್ಟು ಬಿಗಿದು ಓಡಿಸಿ ನೋಡಿದ್ದೆ, ಬುಷ್ ಹಾಕಿ ಓಡಿಸಿ ನೋಡಿದ್ದೆ. ಎರಡು ಸಲವೂ ಖಾಲಿ ಗಾಡಿ. ಅವರು ಮೊದಲ ದಿನವೇ ಹೇಳಿದ್ದರು, ಮೀನು ಹೇರಿದ್ರೆ ಶುರು ಎಂದು. ನಾನು ರೋಗ ಇಲ್ಲದ ಹೊತ್ತಿನಲ್ಲೇ ರೋಗವನ್ನು ಹುಡುಕುತ್ತಿದ್ದೆ.

ಮರುದಿನ ಬೆಳಗಾಗುವ ಹೊತ್ತಿಗೆ ಬಂದರಿಗೆ ಹೋದೆ. ಅವರು ಆಗಷ್ಟೇ ಬಂಗಡೆ, ತಾರ್ಲೆ ಮೀನು ಪೆಟ್ಟಿಗೆಗೆ ತುಂಬಿ ಮೇಲಿಂದ ಐಸ್ ಹರಡುತ್ತಿದ್ದರು.

"ಪೆಟ್ಟಿಗೆ ಕಟ್ಟಿ ಗಾಡಿ ನನಗೆ ಕೊಡಿ," ಎಂದೆ.

"ಮೀನು ಮಾರ್ತ್ಯಾ?"

"ಓಡಿಸಿ ನೋಡ್ತೆ. ಸೇತುವೆ ದಾಟಿ ಕಾಸರಕೋಡಿಗೆ ಹೋಗಿ ಬಪ್ಪದು ಅಷ್ಟೇ."

ತುಂಬಿದ ಪೆಟ್ಟಿಗೆಯ ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸುವಾಗಲೇ ಕೇಳಿತು: ಚರ್. ಪೆಟ್ಟಿಗೆಯಿಂದ ಬಂದ ಸದ್ದಲ್ಲ. ಸೀಟಿನ ಕೆಳಗೆ, ಇನ್ನೂ ಕೆಳಗೆ. ಸೇತುವೆಯ ಮೇಲೆ ವೇಗ ಏರಿಸುತ್ತ ಹೋದೆ. ಹ್ಯಾಂಡಲ್ ಶಾಂತವಾಗಿತ್ತು. ಐವತ್ತರ ಹತ್ತಿರ ಬರುವಾಗ ಎಡಗಾಲಿನ ಅಡಿ ಜುಮ್ಮೆನ್ನತೊಡಗಿತು. ಬಲಗಾಲಿಗೆ ಏನೂ ಇಲ್ಲ. ಕ್ಲಚ್ ಹಿಡಿದೆ. ಜುಮ್ಮೆನ್ನುವುದು ಕಡಿಮೆಯಾಯಿತು, ನಿಲ್ಲಲಿಲ್ಲ. ಬ್ರೇಕ್ ಒತ್ತಿದರೆ ಮತ್ತೆ ಚರ್, ಆಮೇಲೆ ಹಿಂಬದಿ ಒಂದು ಕ್ಷಣ ತಡೆದು, ತನ್ನದೇ ಲೆಕ್ಕದಲ್ಲಿ ಓಲಾಡಿ, ನನ್ನ ಹಿಂದೆ ಬಂತು. ಕೆಳಗೆ ಶರಾವತಿ. ಹಿಂದಿನಿಂದ ಲಾರಿ ಹಾರ್ನ್ ಹೊಡೆಯುತ್ತಿತ್ತು. ಎಕ್ಸಲರೇಟರ್ ಬಿಟ್ಟು ಅದಕ್ಕೆ ದಾರಿ ಕೊಟ್ಟೆ. ಇದನ್ನು ಹೊತ್ತು ಈ ಮನುಷ್ಯ ಇಷ್ಟು ದಿನ ಘಟ್ಟದ ಬುಡದವರೆಗೆ ಹೋಗಿ ಬರುತ್ತಿದ್ದರು. ನಾನು ಎರಡು ಸಲ ಸರಿಯಾಯಿತು ಎಂದು ಹೇಳಿ ಕಳಿಸಿದ್ದೆ.

ಕಾಸರಕೋಡಿನಲ್ಲಿ ತಿರುಗಿಸಿ ರಸ್ತೆಯ ಅಂಚು ಹಿಡಿದು ನಿಧಾನಕ್ಕೆ ಬಂದೆ. ಬಂದರಿಗೆ ಹೋಗದೆ ನೇರ ಗ್ಯಾರೇಜಿಗೆ ತಂದು, ಫೋನು ಮಾಡಿ, ಮೀನು ಬೇರೆ ಗಾಡಿಗೆ ಹೇರಿಕೊಂಡು ಹೋಗಿ ಎಂದೆ.

"ಎಂತ? ಗಾಡಿ ಕೊಡೂದಿಲ್ವಾ?"

"ಇಲ್ಲ ಅಣ್ಣಾ. ಇವತ್ತು ಕೊಡೂದಿಲ್ಲ."

ಭಾವಮೈದ ಬಂದು, ಬೈಯುತ್ತಲೇ, ಆ ಪೆಟ್ಟಿಗೆಯನ್ನು ತನ್ನ ಪೆಟ್ಟಿಗೆಯ ಮೇಲೆ ಹೇರಿ ಹಗ್ಗ ಬಿಗಿದು ಹೋದ. ಅವನ ಗಾಡಿ ಭಾರಕ್ಕೆ ಕುಗ್ಗಿ ಹೋಗುವುದನ್ನು ನೋಡಿದೆ. ನನ್ನ ಗಮನ ಇದ್ದದ್ದು ಒಳಗಿನ ಗಾಡಿಯ ಮೇಲೆ.

ಸೀಟು, ಎರಡೂ ಬದಿಯ ಕವರು, ಬ್ಯಾಟರಿ, ಹಿಂದಿನ ಚಕ್ರ, ಫೋರ್ಕು, ಎಲ್ಲವನ್ನೂ ಕಳಚಿದೆ. ಉಳಿದದ್ದು ಚಾಸಿ ಮತ್ತು ಇಂಜಿನ್ನು. ಚಾಸಿಯ ಮೇಲೆ ಕಪ್ಪಗೆ, ದಪ್ಪಗೆ, ಬೆರಳ ಉಗುರು ಊರುವಷ್ಟು ಲೇಪ. ಗೇರುಬೀಜದ ಸಿಪ್ಪೆಯ ಎಣ್ಣೆ. ಆ ವಾಸನೆ ನನಗೆ ಚಿಕ್ಕಂದಿನಿಂದ ಗೊತ್ತು. ಮರದ ದೋಣಿಗೆ ಹುಳ ಹಿಡಿಯಬಾರದೆಂದು, ನೀರು ಕುಡಿಯಬಾರದೆಂದು ಬಳಿಯುತ್ತಾರೆ. ಕೈಗೆ ತಾಗಿದರೆ ಸುಟ್ಟು ಗುಳ್ಳೆ ಏಳುತ್ತದೆ. ಉಪ್ಪುಗಾಳಿಗೆ ಕಬ್ಬಿಣ ಉಳಿಯಲಿ ಎಂದು ನಮ್ಮ ಕಡೆಯವರು ಗಾಡಿಗೂ ಬಳಿಯುವುದುಂಟು. ಕೈಗವಸು ಹಾಕಿ ಸೀಮೆಎಣ್ಣೆಯಲ್ಲಿ ತೊಳೆದು ಕೆರೆಯತೊಡಗಿದೆ.

ಗಾಡಿಯ ಹಿಂಭಾಗದಿಂದ ಎರಡು ಕೊಳವೆಗಳು ಇಳಿಜಾರಾಗಿ ಮುಂದೆ ಬಂದು, ಕಾಲಿಡುವ ಪೆಡಲಿನ ಹತ್ತಿರ ಒಂದು ದಪ್ಪ ತಗಡಿಗೆ ಸೇರುತ್ತವೆ. ಹಿಂದಿನ ಚಕ್ರದ ಫೋರ್ಕು ಆಡುವುದು ಆ ತಗಡಿನ ಮೇಲೆ. ಇಂಜಿನ್ನಿನ ಹಿಂದಿನ ಬೋಲ್ಟು ಹೋಗುವುದೂ ಅದರಲ್ಲೇ. ಬಲಗಡೆಯ ಕೊಳವೆಯನ್ನು ಸ್ಪ್ಯಾನರಿನಿಂದ ತಟ್ಟಿದೆ. ಟಣ್. ಎಡಗಡೆಯದ್ದನ್ನು ತಟ್ಟಿದೆ. ದಬ್. ಮೇಲಿನಿಂದ ಕೆಳಗಿನವರೆಗೆ ತಟ್ಟುತ್ತ ಬಂದೆ. ಕೆಳಗೆ ಬಂದಷ್ಟೂ ಸತ್ತ ಸ್ವರ. ಕೊಳವೆಯನ್ನು ಹಿಡಿದು ಅಲ್ಲಾಡಿಸಿದರೆ ಒಳಗಿನಿಂದ, ಡಬ್ಬಿಯ ಅಕ್ಕಿಕಾಳಿನ ಹಾಗೆಯೇ, ಚರ್.

ತಗಡಿಗೆ ಸೇರುವ ವೆಲ್ಡಿನ ಬಳಿ ಕೆರೆದಾಗ ಕೂದಲೆಳೆಯಂಥ ಕೆಂಪು ಗೆರೆ ಕಂಡಿತು. ಬಿರುಕು. ಭಾರ ಬಿದ್ದಾಗ ಅದು ಬಾಯಿ ಬಿಡುತ್ತದೆ, ತಗಡು ವಾಲುತ್ತದೆ, ಬೋಲ್ಟನ್ನು ಎಳೆಯುತ್ತದೆ, ಬುಷ್ಷನ್ನು ಒಂದೇ ಬದಿಗೆ ತಿನ್ನುತ್ತದೆ, ಚಕ್ರವನ್ನು ಓರೆ ಮಾಡುತ್ತದೆ. ಭಾರ ಇಳಿಸಿದರೆ ಬಾಯಿ ಮುಚ್ಚಿ ಕೂರುತ್ತದೆ. ಇಷ್ಟು ದಿನದ ಎಲ್ಲ ಲಕ್ಷಣಗಳೂ ಆ ಒಂದು ಗೆರೆಯಲ್ಲಿ ತಾಳೆಯಾದವು. ಆದರೆ ಒಳಗೆ ಉದುರುತ್ತಿರುವುದು ಏನು? ಗಟ್ಟಿ ಉಕ್ಕಿನ ಕೊಳವೆ ಒಳಗಿನಿಂದ ಯಾಕೆ ಸತ್ತಿತು?

ಮಾರನೆಯ ದಿನ ಅವರ ಹೆಂಡತಿ ಬಂದರು. ಗಾಡಿಯ ಭಾಗಗಳನ್ನೆಲ್ಲ ನೆಲದ ಮೇಲೆ ಗೋಣಿ ಹಾಸಿ ಇಟ್ಟಿದ್ದೆ.

"ಒಣಮೀನು ಹರಡಿದ ಹಾಂಗೆ ಹರಡಿಟ್ಟಿದ್ಯಲ್ಲ ತಮ್ಮಾ! ಯಾವಾಗ ಒಣಗೂದು ಇದು?"

"ಅತ್ತಿಗೆ, ಚಾಸಿ ಬಿರುಕು ಬಿಟ್ಟದೆ. ಇದನ್ನು ಓಡ್ಸೂಕೆ ಆತಿಲ್ಲ."

"ಆತಿಲ್ಲ ಅಂದ್ರೆ ನಾವು ಎಂತ ಮಾಡೂದು? ಬಂಗಡೆ ಬಿದ್ದ ಸಮಯ. ನಮ್ಮದು ವರ್ಷ ವರ್ಷದ ವಾಡಿಕೆ ಮನೆಗಳು. ಇವತ್ತು ನಮ್ಮ ಹಾರ್ನ್ ಕೇಳದಿದ್ರೆ ನಾಳೆ ಬೇರೆಯವ್ರ ಹಾರ್ನಿಗೆ ಪಾತ್ರೆ ಹಿಡ್ಕಂಡು ಹೊರಗೆ ಬತ್ತ್ರು. ಪಾಪ, ನನ್ನ ತಮ್ಮ ಒಬ್ಬನೇ ಎರಡೂ ಕಡೆ ಓಡ್ತ. ಬೆಳಿಗ್ಗೆ ಸಂತೆಗುಳಿ, ಬಂದು ಮತ್ತೆ ಭಟ್ಕಳದ ಕಡೆ. ನಿಂಗೆ ಗೊತ್ತಾತಿಲ್ಲ ಅಂದ್ರೆ ಹೇಳ್ಬಿಡು, ಭಟ್ಕಳದಲ್ಲಿ ಅವಂಗೆ ಗುರ್ತದ ಮೇಸ್ತ್ರಿ ಇದ್ದ."

"ಗೊತ್ತಾಗಿದೆ ಅತ್ತಿಗೆ. ಗೊತ್ತಾದದ್ದಕ್ಕೇ ಕೊಡೂದಿಲ್ಲ ಹೇಳೂದು."

ಎದುರಿನ ಅಂಗಡಿಯ ವೆಲ್ಡಿಂಗಿನವರನ್ನು ಅತ್ತಿಗೆಯೇ ಕರೆದು ತಂದರು. ವಯಸ್ಸಾದವರು, ಕೈ ಒಳ್ಳೆಯದು, ನನ್ನ ಎಷ್ಟೋ ಕೆಲಸ ಅವರಿಂದಲೇ ಆಗುತ್ತದೆ. ಬಿರುಕಿಗೆ ಬೆರಳಾಡಿಸಿ, "ಇಷ್ಟೇ ಅಲ್ದಾ? ಮೇಲೊಂದು ಪಟ್ಟಿ ಕೊಟ್ಟು ಬಿಡ್ವ. ಸಂಜೆಗೆ ಓಡ್ತದೆ," ಎಂದರು. ಆಗ ಗಾಡಿಯ ಯಜಮಾನರೂ ಬಂದು ನಿಂತಿದ್ದರು. ಮೂವರೂ ನನ್ನ ಮುಖ ನೋಡಿದರು.

ನಿಜ ಹೇಳಬೇಕೆಂದರೆ ಪಟ್ಟಿ ಹಾಕಿಬಿಡೋಣ ಎಂದು ಒಂದು ಗಳಿಗೆ ನನಗೂ ಅನಿಸಿತು. ಹೊರಗಿನಿಂದ ನೋಡಿದರೆ ಯಾರೂ ಅದನ್ನು ತಪ್ಪು ಎನ್ನುವುದಿಲ್ಲ. ವೆಲ್ಡ್ ಆದಮೇಲೆ ಗಾಡಿ ಗಟ್ಟಿಯಾಗಿಯೇ ಕಾಣುತ್ತದೆ. ಆದರೆ ಬಿಸ್ಕತ್ತಿನಷ್ಟು ಪೊಳ್ಳಾದ ಕಬ್ಬಿಣಕ್ಕೆ ಪಟ್ಟಿ ಹಚ್ಚಿದರೆ ಬಿರುಕು ಪಟ್ಟಿಯ ಅಂಚಿಗೆ ಹೋಗಿ ಕೂರುತ್ತದೆ, ಕಣ್ಣಿಗೆ ಬೀಳದ ಹಾಗೆ. ಆಮೇಲೆ ನಡುಗಿ ಎಚ್ಚರಿಕೆ ಕೊಡುವುದೂ ಇಲ್ಲ. ಒಂದೇ ಸಲ, ಇಳಿಜಾರಿನ ತಿರುವಿನಲ್ಲಿ, ಬಸ್ಸಿನ ಎದುರು. ಇದನ್ನು ಬಾಯಲ್ಲಿ ಹೇಳಿದೆ. ಅವರಿಗೆ ನಂಬಿಕೆ ಬರಲಿಲ್ಲ, ಬರಬೇಕೆಂದೂ ಇರಲಿಲ್ಲ. ಎರಡು ಸಲ ಸುಳ್ಳಾದವನ ಮಾತು.

"ಅಣ್ಣಾ, ಒಂದು ಕೆಲಸ ಮಾಡ್ವ," ಎಂದೆ. "ಪಟ್ಟಿ ಹಾಕ್ಬೇಕಾದ ಜಾಗದಲ್ಲೇ ಕೊಳವೆ ಕೊಯ್ತೆ. ಒಳಗೆ ಗಟ್ಟಿ ಕಬ್ಬಿಣ ಇದ್ರೆ ನನ್ನ ಕೈಯಾರೆ ಕೂಡಿಸಿ ಕೊಡ್ತೆ, ನಾನು ಸೋತೆ ಅಂತ ಊರೆಲ್ಲ ಹೇಳಿ. ಇಲ್ಲದಿದ್ರೆ ಈ ಚಾಸಿ ಮತ್ತೆ ರಸ್ತೆಗೆ ಇಳಿಯೂದಿಲ್ಲ."

ಕೊಯ್ದರೆ ಹಿಂದೆ ಹೋಗುವ ದಾರಿ ಇಲ್ಲ ಎನ್ನುವುದು ಅವರಿಗೂ ಗೊತ್ತಿತ್ತು, ನನಗೂ. ಚಾಸಿ ಎಂದರೆ ಅಂಗಡಿಯಿಂದ ತಂದು ಹಾಕುವ ಬುಷ್ ಅಲ್ಲ. ಅದರ ಮೇಲೆ ನಂಬರು ಕೊರೆದಿರುತ್ತದೆ. ಬದಲಿಸಬೇಕಾದರೆ ಕಂಪನಿಯಿಂದ ತರಿಸಿ, ಆರ್‌ಟಿಓದಲ್ಲಿ ದಾಖಲಿಸಿ, ಅದೊಂದು ದೊಡ್ಡ ಓಡಾಟ. ಯಜಮಾನರು ಹೆಂಡತಿಯ ಕಡೆ ನೋಡಿದರು. ಹೆಂಡತಿ ಬೇರೆ ಕಡೆ ನೋಡಿದರು.

"ಆತು. ಕೊಯ್ಯಿ."

ಕತ್ತರಿಸುವ ಯಂತ್ರ ಹಚ್ಚಿದೆ. ಒಳ್ಳೆಯ ಉಕ್ಕಾದರೆ ಕಿಡಿ ಉದ್ದವಾಗಿ ಹಾರುತ್ತದೆ, ಯಂತ್ರಕ್ಕೆ ಕೈ ಕೊಡಬೇಕಾಗುತ್ತದೆ. ಇಲ್ಲಿ ಕಿಡಿ ನಾಲ್ಕು ಹಾರಿ ಸತ್ತಿತು. ಬ್ಲೇಡು ತಾನಾಗಿ ಒಳಗೆ ಹೋಯಿತು. ಮೊದಲು ಕಪ್ಪು ನೀರು ಬಂತು. ಕೊಳೆತ ಮೀನಿನ ನೀರು, ಉಪ್ಪಿನ ನೀರು. ಗ್ಯಾರೇಜಿನ ಹೊರಗೆ ನಿಂತವರೂ ಮೂಗು ಮುಚ್ಚಿಕೊಂಡರು. ಆಮೇಲೆ ತುಕ್ಕು. ಪುಡಿಯಲ್ಲ, ಚಕ್ಕೆ ಚಕ್ಕೆ. ಹಳೆಯ ಗೋಡೆಯ ಸುಣ್ಣದ ಹಾಗೆ ಪದರು ಪದರಾಗಿ ನೆಲಕ್ಕೆ ಸುರಿಯಿತು. ಅದೇ ಅಕ್ಕಿಕಾಳು. ಉಳಿದ ಕೊಳವೆಯ ಗೋಡೆಯನ್ನು ವೆಲ್ಡಿಂಗಿನವರು ಹೆಬ್ಬೆರಳಿನಿಂದ ಒತ್ತಿದರು. ಅದು ಒಳಗೆ ಮಡಚಿಕೊಂಡಿತು. ಅವರು ಕೈ ಒರೆಸಿಕೊಂಡರು.

ನೀರು ಒಳಗೆ ಹೋದ ದಾರಿ ಸುಲಭವಾಗಿ ಸಿಕ್ಕಿತು. ಪೆಟ್ಟಿಗೆಯ ಕ್ಯಾರಿಯರ್ ಕೂರಿಸಲು ಕೊಳವೆಯ ಮೇಲ್ತುದಿಯಲ್ಲಿ ತೂತು ಕೊರೆದು ಬೋಲ್ಟು ಹಾಕಿದ್ದರು. ಐಸ್ ಕರಗಿದ ನೀರು ಅಲ್ಲಿಂದ ಇಳಿದಿದೆ. ಸೈಡ್ ಸ್ಟ್ಯಾಂಡಿನಲ್ಲಿ ಗಾಡಿ ಎಡಕ್ಕೆ ವಾಲುವುದರಿಂದ ಎಡಗಡೆಗೇ ಹೆಚ್ಚು. ಆದರೆ ಒಳಗೆ ಹೋದ ನೀರು ಹೊರಗೆ ಬರಲು ಕೊಳವೆಯ ಕೆಳತುದಿಯಲ್ಲಿ ಕಂಪನಿಯವರೇ ಒಂದು ಸಣ್ಣ ತೂತು ಇಟ್ಟಿರುತ್ತಾರೆ. ಅದು ಎಲ್ಲಿ ಹೋಯಿತು? ಟಾರ್ಚು ಹಿಡಿದು ಕತ್ತರಿಸಿದ ಬಾಯಿಯೊಳಗೆ ನೋಡಿದೆ. ತೂತು ಇತ್ತು. ಅದರಲ್ಲಿ ಬಿರಡೆಯ ಹಾಗೆ ಏನೋ ಕೂತಿತ್ತು. ಚೂಪು ಕಡ್ಡಿಯಿಂದ ತಳ್ಳಿದೆ. ಹೊರಗೆ ಬಿದ್ದದ್ದು ಹತ್ತಿಯ ಉಂಡೆ, ರಾಳ ಮತ್ತು ಎಣ್ಣೆ ಕಲಸಿ ಮೆತ್ತಿದ್ದು. ದೋಣಿಯ ಹಲಗೆಗಳ ಸಂದಿಗೆ ತುರುಕುವಂಥದ್ದು.

"ಅಣ್ಣಾ, ಈ ತೂತು ಯಾರು ಮುಚ್ಚಿದ್ದು?"

"ನಾನೇ. ಗಾಡಿ ತಗಂಡ ವರ್ಷವೇ ಮುಚ್ಚಿದೆ. ಪ್ರತಿ ಮಳೆಗಾಲದ ಬಂದಲ್ಲೂ ಗಾಡಿಗೆ ಎಣ್ಣೆ ಕೊಡುವಾಗ ನೋಡ್ತೆ, ಬಿಟ್ಟಿದ್ರೆ ಮತ್ತೆ ತುಂಬ್ತೆ. ಎಂತಕ್ಕೆ?"

"ಇದು ನೀರು ಹೊರಗೆ ಹೋಗೂಕೆ ಇಟ್ಟ ತೂತು."

"ತೂತಿದ್ರೆ ನೀರು ಒಳಗೆ ಬತ್ತದೆ ಮಾರಾಯಾ! ಹೊರಗೆ ಹೋಗೂದು ಹ್ಯಾಂಗೆ?"

"ದೋಣಿಗೆ ನೀರು ಹೊರಗಿಂದ ಬಪ್ಪದು ಅಣ್ಣಾ. ನಿಮ್ಮ ಗಾಡಿಗೆ ಮೇಲಿಂದ ಬಂತು. ಮೇಲಿಂದ ಬಂದದ್ದು ಒಳಗೇ ನಿಂತು ಹೋತು."

ಅವರು ಆ ಹತ್ತಿಯ ಉಂಡೆಯನ್ನು ಎತ್ತಿ ಬೆರಳಲ್ಲಿ ಹಿಸುಕಿದರು. ಇಷ್ಟು ವರ್ಷವಾದರೂ ಸಡಿಲಾಗಿರಲಿಲ್ಲ. ಒಂದು ಹನಿ ಜಾರಲು ಬಿಟ್ಟಿರಲಿಲ್ಲ. ಮೊದಲು ಸಣ್ಣ ದೋಣಿಯಲ್ಲಿ ಮೀನು ಹಿಡಿಯುತ್ತಿದ್ದವರು ಅವರು. ಬಂದರಿನಲ್ಲಿ ಯಾರ ದೋಣಿ ಸೋರಿದರೂ ಅವರನ್ನೇ ಕರೆಯುತ್ತಿದ್ದರಂತೆ. ಸಂದಿಗೆ ಅವರ ಕೈ ಮೆತ್ತಿದ ಮೇಣ ಎಂದರೆ ಮತ್ತೆ ನೋಡಬೇಕಾಗಿರಲಿಲ್ಲ. ತಪ್ಪು ಎನ್ನಲು ನನಗೆ ಬಾಯಿ ಬರಲಿಲ್ಲ. ನಮ್ಮ ಅಪ್ಪನಿಗೆ ಬೈಕಿದ್ದಿದ್ದರೆ ಅವನೂ ಅದನ್ನೇ ಮಾಡುತ್ತಿದ್ದ. ತೂತು ಕಂಡರೆ ಮುಚ್ಚು ಎನ್ನುವುದು ನಮ್ಮ ಜನರಿಗೆ ಯಾರೂ ಕಲಿಸಬೇಕಾದ ಪಾಠವಲ್ಲ. ಕಡಲಿನಲ್ಲಿ ಅದನ್ನು ಮರೆತವರು ತಿರುಗಿ ಬಂದಿಲ್ಲ.

ಅವರು ಉಂಡೆಯನ್ನು ಹಿಸುಕುತ್ತಲೇ ಇದ್ದರು. ನಂತರ ಹೆಂಡತಿಯ ಕಡೆ ತಿರುಗಿದರು.

"ನಿನ್ನ ತಮ್ಮ ಎಲ್ಲಿದ್ದ ಈಗ?"

"ಸಂತೆಗುಳಿ ಕಡೆ. ಎಂತಕ್ಕೆ?"

"ಅವನ ಗಾಡಿಗೆ ಎಣ್ಣೆ ಕೊಟ್ಟದ್ದು ನಾನು. ಮುಚ್ಚಿದ್ದೂ ನಾನು."

ನನಗೆ ಅದು ಹೊಳೆದಿರಲೇ ಇಲ್ಲ. ಈ ಗಾಡಿಯನ್ನು ನಾನು ಹಿಡಿದಿಟ್ಟೆ. ಅದರ ಹೊರೆ ಎಲ್ಲಿಗೆ ಹೋಯಿತು ಎಂದು ಕೇಳಲಿಲ್ಲ. ಹಿಂದಿನ ದಿನ ಕುಗ್ಗಿಕೊಂಡು ಹೋದ ಗಾಡಿ ಕಣ್ಣ ಮುಂದೆ ಬಂತು. ಪೆಟ್ಟಿಗೆಯ ಮೇಲೆ ಪೆಟ್ಟಿಗೆ. ಅದೇ ಕ್ಯಾರಿಯರು, ಅದೇ ಲೇಪ. ಒಬ್ಬರನ್ನು ಉಳಿಸುತ್ತೇನೆ ಎಂದು ಇನ್ನೊಬ್ಬನ ಬೆನ್ನಿಗೆ ಎರಡರಷ್ಟು ಹೊರಿಸಿ ಅದೇ ಇಳಿಜಾರಿಗೆ ಕಳಿಸಿದ್ದೆ.

ಅವರು ಫೋನು ಹಚ್ಚಿದರು. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದಿತು. ಮತ್ತೆ ಹಚ್ಚಿದರು. ಮತ್ತೆ ಅದೇ. ಹೆಂಡತಿ ನೆಲದ ಮೇಲೆ ತುಕ್ಕಿನ ಚಕ್ಕೆಗಳ ಪಕ್ಕದಲ್ಲೇ ಕೂತುಬಿಟ್ಟರು. ನಾನು ನನ್ನ ಬೈಕಿನ ಕೀಲಿ ಎತ್ತಿಕೊಂಡು ಹೊರಡಲು ನಿಂತೆ. ಕುಮಟಾ ದಾಟುವಷ್ಟರಲ್ಲೇ ಎಷ್ಟು ಹೊತ್ತಾಗುತ್ತದೆ ಎಂದು ಲೆಕ್ಕ ಹಾಕುತ್ತಿರುವಾಗ ಆ ಕಡೆ ರಿಂಗಾಯಿತು. ಅವರು ಸ್ಪೀಕರಿಗೆ ಹಾಕಿದರು.

"ಎಂತ ಭಾವಾ? ಗಿರಾಕಿ ನಿಂತಿದ್ದ್ರು, ಬೇಗ ಹೇಳು."

"ಎಲ್ಲಿದ್ದೆ? ಇಳಿಜಾರು ಇಳಿದ್ಯಾ?"

"ಇಲ್ಲ, ಇನ್ನು ಇಳಿಯೂದು. ಒಂದು ಪೆಟ್ಟಿಗೆ ಹಾಂಗೇ ಉಂಟು."

"ಗಾಡಿ ಸ್ಟ್ಯಾಂಡ್ ಹಾಕು. ಎಡಬದಿ ಕೊಳವೆಗೆ ಫೋನು ಒತ್ತಿ ಹಿಡಿ. ಮತ್ತೊಂದು ಕೈಯಲ್ಲಿ ಹಿಂದೆ ಹಿಡಿದು ಜಗ್ಗು."

"ಆ ಇಂಜಿನಿಯರನ ಸಂಗಡ ಸೇರಿ ನಿಂಗೂ ತಲೆ ಹೋತಾ ಭಾವಾ?"

"ಜಗ್ಗು ಹೇಳಿದ್ದು!"

ಒಬ್ಬ ಹೆಂಗಸು ಬಂಗಡೆ ಸಣ್ಣದಾಯಿತು ಎಂದು ಚೌಕಾಶಿ ಮಾಡುವುದು ಕೇಳಿಸಿತು. ಸ್ಟ್ಯಾಂಡು ನೆಲಕ್ಕೆ ಬಡಿದದ್ದು ಕೇಳಿಸಿತು. ಫೋನು ಕಬ್ಬಿಣಕ್ಕೆ ತಾಗಿ ಬೇರೆ ಸದ್ದೆಲ್ಲ ಮುಚ್ಚಿಹೋಯಿತು. ಆಮೇಲೆ ಬಂತು. ಚರ್. ಸ್ವಲ್ಪ ಬಿಟ್ಟು ಇನ್ನೊಮ್ಮೆ, ಚರ್. ನಾವೆಲ್ಲರೂ ಕೇಳಿದೆವು. ಆ ಕಡೆಯವನೂ ಕೇಳಿರಬೇಕು, ಯಾಕೆಂದರೆ ಮತ್ತೆ ಮಾತಾಡುವಾಗ ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

"ಭಾವಾ, ಎಂತದು ಇದು?"

"ಗಾಡಿ ಅಲ್ಲೇ ಯಾರ ಮನೆಯಂಗಳದಲ್ಲಾದ್ರೂ ಬಿಡು. ಬಸ್ಸಿಗೆ ಬಾ."

"ಬಸ್ಸಿಗಾ? ಇಷ್ಟು ಮೀನು ಎಂತ ಮಾಡೂದು?"

"ಅಲ್ಲಿದ್ದವ್ರಿಗೆ ಹಂಚಿ ಬಾ. ಪುಕ್ಕಟೆ ಹಂಚು. ಗಾಡಿ ಮೇಲೆ ಮಾತ್ರ ಕೂರ್ಬೇಡ."

ಫೋನು ಇಟ್ಟರು. ಅವರ ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದರು. ವೆಲ್ಡಿಂಗಿನವರು ಒಂದು ಲೋಟ ನೀರು ತಂದು ಕೊಟ್ಟರು. ಯಾರಿಗೂ ಕೂರಬೇಕು ಅನಿಸಲಿಲ್ಲ.

"ಇನ್ನು ಯಾರದ್ದಾದ್ರೂ ಮುಚ್ಚಿದ್ದೀರಾ ಅಣ್ಣಾ?" ಎಂದು ನಾನು ಕೇಳಿದೆ.

ಅವರು ಆಗಲೇ ಫೋನಿನಲ್ಲಿ ಮುಂದಿನ ಮೀನಿನ ಗಾಡಿಯವರ ಹೆಸರು ಹುಡುಕುತ್ತಿದ್ದರು.

"ಕೊಡಿ, ನಾನು ಹೇಳ್ತೆ. ನಿಮಗೆ ಕಷ್ಟ."

"ಬೇಡ ತಮ್ಮಾ," ಎಂದರು. "ಮುಚ್ಚಿ ಅಂತ ಹೇಳಿದ್ದು ನಾನು. ನೀ ಹೇಳಿದ್ರೆ ಅವ್ರು ನಗ್ತ್ರು."

ಆ ಕಡೆ ರಿಂಗಾಗುತ್ತಿತ್ತು.